ಬ್ಲೇಸ್ ಪಾಸ್ಕಲ್ ಮತ್ತು ಅವನ ಲೆಕ್ಕದ ಪೆಟ್ಟಿಗೆ

ಬ್ಲೇಸ್ ಪಾಸ್ಕಲನ ಹೆಸರು ನಮ್ಮ ವಿಶ್ವವಿದ್ಯಾಲಯಗಳ ಒಂದೊಂದು ವಿಭಾಗದಲ್ಲಿ ಒಂದೊಂದು ಅರ್ಥದಲ್ಲಿ ಕೇಳಿಬರುತ್ತದೆ. ಭೌತಶಾಸ್ತ್ರದವರಿಗೆ ಅದು ಒತ್ತಡವನ್ನು ಅಳೆಯುವ ಒಂದು ಮಾನ. ಗಣಿತದವರಿಗೆ ಸಂಖ್ಯೆಗಳ ಒಂದು ತ್ರಿಕೋನ. ತತ್ತ್ವಶಾಸ್ತ್ರದವರಿಗೆ ದೇವರ ಇರವನ್ನು ಕುರಿತು ಹೂಡಿದ ಒಂದು ಪಣ. ಗಣಕ ವಿಜ್ಞಾನದವರಿಗೆ ನಿಕ್ಲಾಸ್ ವಿರ್ತ್ 1970ರಲ್ಲಿ ಪ್ರಕಟಿಸಿದ ಒಂದು ಪ್ರೋಗ್ರಾಮಿಂಗ್ ಭಾಷೆ. ಫ್ರೆಂಚ್ ಸಾಹಿತ್ಯವನ್ನು ಬಲ್ಲವರಿಗೆ ಅವನು ಆ ಭಾಷೆಯ ಗದ್ಯಕ್ಕೆ ಹೊಸ ನಡೆಯನ್ನು ಕಲಿಸಿದವನು. ಮೂವತ್ತೊಂಬತ್ತು ವರ್ಷವಷ್ಟೇ ಬದುಕಿದ ಒಬ್ಬ ರೋಗಿಷ್ಠ ಮನುಷ್ಯನ ಹೆಸರು ಇಷ್ಟು ಕಡೆ ಉಳಿದಿರುವುದು ಸಾಮಾನ್ಯ ಸಂಗತಿಯಲ್ಲ. ಪ್ರಸ್ತುತ ಲೇಖನವು ಅವನ ಬದುಕನ್ನು, ಅವನು ಇನ್ನೂ ಹುಡುಗನಾಗಿದ್ದಾಗ ಕೈಗೆತ್ತಿಕೊಂಡ ಲೆಕ್ಕದ ಯಂತ್ರದ ಕಡೆಯಿಂದ ನೋಡುವ ಒಂದು ಪ್ರಯತ್ನ. ಇದಕ್ಕೆ ಒಂದು ಸ್ವಂತದ ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ ನಾನೂ ನನ್ನ ಕೆಲವು ವಿದ್ಯಾರ್ಥಿಗಳೂ ಸೇರಿ ಆ ಯಂತ್ರವನ್ನು ಗಣಕದ ಪರದೆಯ ಮೇಲೆ ನಡೆಸಿ ನೋಡಲು ಹೊರಟೆವು. ಮೊದಲ ದಿನವೇ ಗೆದ್ದೆವೆಂದು ಭಾವಿಸಿ, ಆಮೇಲೆ ಎಷ್ಟೋ ವಾರ ಸೋತೆವು. ಆ ಸೋಲೇ ಈ ಬರಹಕ್ಕೆ ಪ್ರೇರಣೆ.

ಪಾಸ್ಕಲನು 1623ರ ಜೂನ್ 19ರಂದು ಫ್ರಾನ್ಸಿನ ಓವೆರ್ನ್ ಪ್ರಾಂತದ ಕ್ಲೆರ್ಮೋಂ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಏತಿಯೆನ್ ಪಾಸ್ಕಲ್ ಕರವಿಚಾರಣೆಯ ನ್ಯಾಯಾಲಯದ ಅಧಿಕಾರಿ, ಗಣಿತದಲ್ಲಿ ಒಳ್ಳೆಯ ಪರಿಶ್ರಮವಿದ್ದವನು. ಮಗುವಿಗೆ ಮೂರು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಅಕ್ಕ ಜಿಲ್ಬೆರ್ತ್, ತಂಗಿ ಜಾಕ್ಲೀನ್ ಮತ್ತು ನಡುವಿನ ಬ್ಲೇಸ್ ಈ ಮೂವರನ್ನು ತಂದೆ ತಾನೇ ಸಾಕಿ, ತಾನೇ ಓದಿಸಿದನು. ಮಕ್ಕಳನ್ನು ಶಾಲೆಗೆ ಕಳುಹಿಸಲಿಲ್ಲ. 1631ರಲ್ಲಿ ಕುಟುಂಬ ಪ್ಯಾರಿಸ್ಸಿಗೆ ಬಂದಿತು. ಭಾಷೆಗಳು ಚೆನ್ನಾಗಿ ಬರುವವರೆಗೆ ಮಗನಿಗೆ ಗಣಿತದ ರುಚಿ ಹತ್ತಬಾರದೆಂಬುದು ತಂದೆಯ ನಿಯಮವಾಗಿತ್ತು, ಪುಸ್ತಕಗಳನ್ನೂ ಮುಚ್ಚಿಟ್ಟಿದ್ದನು. ಹುಡುಗ ಹನ್ನೆರಡರ ವಯಸ್ಸಿನಲ್ಲಿ ಇದ್ದಿಲಿನಿಂದ ನೆಲದ ಮೇಲೆ ಗೆರೆ ಎಳೆಯುತ್ತ, ರೇಖೆಗೂ ವೃತ್ತಕ್ಕೂ ತಾನೇ ಹೆಸರಿಟ್ಟುಕೊಂಡು, ತ್ರಿಕೋನದ ಕೋನಗಳ ಮೊತ್ತದ ಪ್ರಮೇಯದವರೆಗೆ ತಾನಾಗಿಯೇ ಬಂದಿದ್ದನೆಂದು ಜಿಲ್ಬೆರ್ತ್ ತಾನು ಬರೆದ ತಮ್ಮನ ಚರಿತ್ರೆಯಲ್ಲಿ ಹೇಳುತ್ತಾಳೆ. ಅಕ್ಕನ ಅಕ್ಕರೆ ಈ ಕಥೆಯನ್ನು ಸ್ವಲ್ಪ ಬೆಳೆಸಿರಬಹುದು. ಆದರೆ ಆ ಬಳಿಕ ತಂದೆ ಅವನ ಕೈಗೆ ಯೂಕ್ಲಿಡನನ್ನು ಕೊಟ್ಟದ್ದೂ, ಪಾದ್ರಿ ಮರ್ಸೆನ್ನನ ಸುತ್ತ ಸೇರುತ್ತಿದ್ದ ವಿದ್ವಾಂಸರ ಗೋಷ್ಠಿಗೆ ಕರೆದೊಯ್ದದ್ದೂ, 1640ರಲ್ಲಿ ಶಂಕುಚ್ಛೇದಗಳನ್ನು ಕುರಿತ ಅವನ ಪುಟ್ಟ ಪ್ರಬಂಧ ಅಚ್ಚಾದದ್ದೂ ಸತ್ಯ. ಹದಿನಾರರ ಹುಡುಗ ಅದನ್ನು ಬರೆದನೆಂದರೆ ದೆಕಾರ್ತ್ ನಂಬಲು ಸಿದ್ಧನಿರಲಿಲ್ಲ.

ಯಂತ್ರದ ಕಥೆ ಆರಂಭವಾಗುವುದು ಗಣಿತದಿಂದಲ್ಲ, ಕರವಸೂಲಿಯಿಂದ. ಈ ಮಾತನ್ನು ಪಾಸ್ಕಲನ ಅಭಿಮಾನಿಗಳು ಬೇಗ ದಾಟಿಬಿಡುತ್ತಾರೆ. 1638ರಲ್ಲಿ ಸರ್ಕಾರ ತನ್ನ ಸಾಲಪತ್ರಗಳ ಬಡ್ಡಿಯನ್ನು ಇಳಿಸಿದಾಗ ಅದನ್ನು ಪ್ರತಿಭಟಿಸಿದವರಲ್ಲಿ ಏತಿಯೆನ್ನನೂ ಒಬ್ಬನು. ಮಂತ್ರಿ ರಿಶಲ್ಯೂವಿನ ಕೋಪಕ್ಕೆ ಹೆದರಿ ತಲೆಮರೆಸಿಕೊಂಡನು. ಮರುವರ್ಷ ಪುಟ್ಟ ಜಾಕ್ಲೀನ್ ಮಂತ್ರಿಯ ಎದುರು ಮಕ್ಕಳ ನಾಟಕವೊಂದರಲ್ಲಿ ಅಭಿನಯಿಸಿ, ಆಟ ಮುಗಿದ ಮೇಲೆ ತಂದೆಗೆ ಕ್ಷಮೆ ಬೇಡಿ ಪಡೆದಳು. ಕ್ಷಮೆಯ ಬೆನ್ನಿಗೇ ಹುದ್ದೆಯೂ ಬಂತು: ನಾರ್ಮಂಡಿಯ ರೂಆಂ ನಗರದಲ್ಲಿ ಕರನಿರ್ಧಾರದ ಮೇಲ್ವಿಚಾರಣೆ. 1639ರಲ್ಲಿ ಅದೇ ನಾರ್ಮಂಡಿಯಲ್ಲಿ, ಉಪ್ಪಿನ ಕರದ ವಿಷಯವಾಗಿ, ಬರಿಗಾಲಿನವರ ದಂಗೆ ಎಂದು ಹೆಸರಾದ ಬಂಡಾಯ ಎದ್ದಿತ್ತು. ಉಪ್ಪಿನ ಮೇಲಿನ ಕರವೆಂದರೆ ಏನೆಂಬುದನ್ನು ಭಾರತೀಯ ಓದುಗರಿಗೆ ವಿವರಿಸಬೇಕಾಗಿಲ್ಲ. ಸೈನ್ಯ ಅದನ್ನು ಅಡಗಿಸಿತು. ಶಿಕ್ಷೆ ವಿಧಿಸಲು ಚಾನ್ಸೆಲರ್ ಪಿಯೆರ್ ಸೆಗ್ಯೇ ಸ್ವತಃ ರೂಆಂಗೆ ಬಂದನು. ಆ ಹಾಳಾದ ಲೆಕ್ಕಗಳನ್ನು ಮತ್ತೆ ಸರಿಪಡಿಸುವ ಕೆಲಸ ಏತಿಯೆನ್ನನ ಪಾಲಿಗೆ ಬಂತು. ಪ್ರತಿಯೊಂದು ಹಳ್ಳಿಗೂ ಎಷ್ಟು ಪಾಲು ಎಂಬುದನ್ನು ರಾತ್ರಿಯೆಲ್ಲ ಕೂಡಿ ಕಳೆಯುತ್ತಿದ್ದ ತಂದೆಯ ಶ್ರಮವನ್ನು ತಗ್ಗಿಸಬೇಕೆಂದು 1642ರಲ್ಲಿ ಮಗ ಯಂತ್ರದ ಕೆಲಸಕ್ಕೆ ಕೈಹಾಕಿದನು. 1645ರಲ್ಲಿ ಯಂತ್ರ ಸಿದ್ಧವಾದಾಗ ಅದನ್ನು ಅರ್ಪಿಸಿದ್ದು ಅದೇ ಸೆಗ್ಯೇಗೆ. ಮಗನ ಪಿತೃಭಕ್ತಿ ನಿಜ. ಆ ಗಾಲಿಗಳ ಮೇಲೆ ಉರುಳಿದ ಅಂಕಿಗಳು ಯಾರ ಬೆವರೆಂಬುದೂ ನಿಜ.

ಆ ಲೆಕ್ಕದ ಕಷ್ಟ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿದ್ದುದೇ. ಫ್ರಾನ್ಸಿನಲ್ಲಿ ಆಗ ಹನ್ನೆರಡು ದೆನಿಯೆಗೆ ಒಂದು ಸೋಲ್, ಇಪ್ಪತ್ತು ಸೋಲ್‌ಗೆ ಒಂದು ಲೀವ್ರ್. ನಮ್ಮಲ್ಲಿ 1957ರವರೆಗೆ ಹನ್ನೆರಡು ಪೈಗೆ ಒಂದು ಆಣೆ, ಹದಿನಾರು ಆಣೆಗೆ ಒಂದು ರೂಪಾಯಿ ಇದ್ದ ಹಾಗೆ. ಐದು ರೂಪಾಯಿ ಹತ್ತಾಣೆ ಎಂಟು ಪೈಗೆ ಎರಡು ರೂಪಾಯಿ ಏಳಾಣೆ ಒಂಬತ್ತು ಪೈ ಕೂಡಿಸಿದರೆ ಎಂಟು ರೂಪಾಯಿ ಎರಡಾಣೆ ಐದು ಪೈ. ಅವೇ ಅಂಕಿಗಳನ್ನು ಲೀವ್ರ್, ಸೋಲ್, ದೆನಿಯೆ ಎಂದು ಓದಿದರೆ ಮೊತ್ತ ಏಳು ಲೀವ್ರ್ ಹದಿನೆಂಟು ಸೋಲ್ ಐದು ದೆನಿಯೆ. ಆದ್ದರಿಂದ ಪಾಸ್ಕಲನ ಪೆಟ್ಟಿಗೆಯಲ್ಲಿ ಬಲಗಡೆಯ ಮೊದಲ ಗಾಲಿಗೆ ಹನ್ನೆರಡು ಮನೆ, ಎರಡನೆಯದಕ್ಕೆ ಇಪ್ಪತ್ತು, ಉಳಿದವಕ್ಕೆ ಹತ್ತು ಹತ್ತು. ಬರಿಯ ದಶಮಾನದ ಯಂತ್ರಗಳನ್ನೂ, ಭೂಮಾಪಕರಿಗಾಗಿ ಉದ್ದದ ಅಳತೆಯ ಯಂತ್ರವನ್ನೂ ಅವನು ಮಾಡಿಸಿದನು.

ಹೊರಗಿನಿಂದ ನೋಡಲು ಅದು ಚಪ್ಪಲಿಯ ಡಬ್ಬಿಯಷ್ಟು ದೊಡ್ಡದಾದ ಒಂದು ಲೋಹದ ಪೆಟ್ಟಿಗೆ. ಮುಚ್ಚಳದ ಮೇಲೆ ಅರೆಗಳಿರುವ ಗಾಲಿಗಳು, ಅವುಗಳ ಮೇಲ್ಗಡೆ ಪುಟ್ಟ ಕಿಟಕಿಗಳು. ಬೇಕಾದ ಅಂಕಿಯ ಎದುರಿನ ಅರೆಗಳ ಸಂದಿಗೆ ಕಡ್ಡಿಯನ್ನು ಇಟ್ಟು, ತಡೆಯವರೆಗೆ ತಿರುಗಿಸಬೇಕು. ಹಳೆಯ ಟೆಲಿಫೋನಿನ ಡಯಲನ್ನು ತಿರುಗಿಸಿದಂತೆ. ಟೆಲಿಫೋನಿನ ಡಯಲು ಹಿಂದಕ್ಕೆ ಬರುತ್ತದೆ, ಈ ಗಾಲಿ ಬರುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ಕಿಟಕಿಯಲ್ಲಿ ಮೊತ್ತ ಕಾಣುತ್ತದೆ.

ನಾವು ಮೊದಲ ದಿನ ಬರೆದ ಪ್ರೋಗ್ರಾಂ ಇಷ್ಟನ್ನು ಸಲೀಸಾಗಿ ಮಾಡಿತು. ಪರದೆಯ ಮೇಲೆ ಗಾಲಿಗಳ ಚಿತ್ರ. ಹಿಂದೆ ಒಂದು ಸಂಖ್ಯೆ. ಗಾಲಿ ತಿರುಗಿದಾಗ ಅದಕ್ಕೆ ಕೂಡಿಸುವುದು, ಹನ್ನೆರಡರಿಂದಲೂ ಇಪ್ಪತ್ತರಿಂದಲೂ ಭಾಗಿಸಿ ಶೇಷವನ್ನು ಕಿಟಕಿಗೆ ಕಳುಹಿಸುವುದು. ಉತ್ತರಗಳೆಲ್ಲ ಸರಿ. ಆಗ ವಿದ್ಯಾರ್ಥಿನಿಯೊಬ್ಬಳು ಒಂದು ಸಂದೇಹ ಎತ್ತಿದಳು. ಪಾಸ್ಕಲನು ಕಳೆಯುವ ಲೆಕ್ಕಕ್ಕೆ ಸುತ್ತುಬಳಸಿನ ಪೂರಕಸಂಖ್ಯೆಯ ವಿಧಾನವನ್ನು ಬಳಸಿದ್ದೇಕೆ, ಗಾಲಿಯನ್ನು ಹಿಂದಕ್ಕೆ ತಿರುಗಿಸಿದ್ದರೆ ಸಾಕಾಗುತ್ತಿರಲಿಲ್ಲವೇ ಎಂದು ಅವಳ ಪ್ರಶ್ನೆ. ನಮ್ಮ ಪರದೆಯ ಮೇಲಿನ ಗಾಲಿ ಹಿಂದಕ್ಕೂ ತಿರುಗುತ್ತಿತ್ತು! ನಾವು ಮಾಡಿದ್ದು ಅವನ ಯಂತ್ರವಲ್ಲ, ಅವನ ಯಂತ್ರದ ಮುಖವಾಡ ತೊಟ್ಟ ನಮ್ಮದೇ ಲೆಕ್ಕವೆಂದು ಅಲ್ಲಿಗೆ ತಿಳಿಯಿತು. ಅನುವಾದವನ್ನು ಕಲಿಸುವವರಿಗೆ ಈ ಅನುಭವ ಹೊಸದಲ್ಲ. ಮೂಲದ ತಾತ್ಪರ್ಯವನ್ನಷ್ಟೇ ತಂದು ನುಡಿಯ ನಡೆಯನ್ನು ಬಿಟ್ಟುಬಂದ ಅನುವಾದವೂ ಹೀಗೆಯೇ ಎಲ್ಲ ಪ್ರಶ್ನೆಗಳಿಗೂ ಸರಿಯುತ್ತರ ಕೊಡುತ್ತದೆ.

ಪಾಸ್ಕಲನ ನಿಜವಾದ ಸೃಷ್ಟಿ ದಶಕ ದಾಟಿಸುವ ಕ್ರಮದಲ್ಲಿದೆ. ಒಂಬತ್ತಕ್ಕೆ ಒಂದು ಸೇರಿದಾಗ ಎಡಗಡೆಯ ಮನೆಗೆ ಒಂದನ್ನು ಕೊಡಬೇಕು. ಒಂದು ಹಲ್ಲಿನಿಂದ ಮುಂದಿನ ಗಾಲಿಯನ್ನು ನೇರವಾಗಿ ತಳ್ಳಿಸಿದರೆ ಈ ಕೆಲಸ ಆಗುತ್ತದೆ. ಆದರೆ 999999 ಇರುವಾಗ ಒಂದನ್ನು ಕೂಡಿಸಿದರೆ ಆರು ಗಾಲಿಗಳ ಭಾರವೂ ಒಂದೇ ಬೆರಳಿನ ಮೇಲೆ ಬೀಳುತ್ತದೆ, ಹಲ್ಲು ಮುರಿಯುತ್ತದೆ ಅಥವಾ ಗಾಲಿ ಸಿಕ್ಕಿಕೊಳ್ಳುತ್ತದೆ. ಪಾಸ್ಕಲನು ಎರಡೆರಡು ಗಾಲಿಗಳ ನಡುವೆ ಒಂದೊಂದು ತೂಕದ ಸನ್ನೆಯನ್ನು ಇಟ್ಟನು. ಅದನ್ನು ಅವನ ಭಾಷೆಯಲ್ಲಿ ಸೊತ್ವಾರ್ ಎನ್ನುತ್ತಾರೆ. ಗಾಲಿ ಒಂಬತ್ತರ ಕಡೆಗೆ ಸಾಗುತ್ತಿರುವಂತೆ ಅದರ ಗೂಟಗಳು ಈ ಸನ್ನೆಯನ್ನು ಮೆಲ್ಲಮೆಲ್ಲನೆ ಮೇಲೆತ್ತುತ್ತವೆ. ಒಂಬತ್ತು ಸೊನ್ನೆಯಾಗುವ ಕ್ಷಣದಲ್ಲಿ ಆಸರೆ ತಪ್ಪಿ ಸನ್ನೆ ತನ್ನ ಭಾರದಿಂದಲೇ ಬೀಳುತ್ತದೆ. ಬೀಳುವಾಗ ಅದರ ತುದಿಯ ಕೊಕ್ಕೆ ಎಡಗಡೆಯ ಗಾಲಿಯನ್ನು ಒಂದು ಮನೆ ಮುಂದಕ್ಕೆ ತಳ್ಳುತ್ತದೆ. ಆರು ಒಂಬತ್ತುಗಳಿದ್ದರೂ ಬೆರಳು ಹೊರುವುದು ಒಂದೇ ಗಾಲಿಯ ಭಾರ. ಉಳಿದ ಶಕ್ತಿ ಹಿಂದಿನ ತಿರುಗುವಿಕೆಗಳಲ್ಲಿ ಆಗಲೇ ತೂಕಗಳಲ್ಲಿ ಕೂಡಿಟ್ಟದ್ದು. ಹತ್ತೊಂಬತ್ತರ ಹುಡುಗ ಭೂಮಿಯ ಸೆಳೆತವನ್ನೇ ತನ್ನ ಗುಮಾಸ್ತನನ್ನಾಗಿ ಮಾಡಿಕೊಂಡನೆನ್ನಬಹುದು.

ಇದರ ಬೆಲೆಯೂ ಇದೆ. ಸನ್ನೆ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವುದರಿಂದ ಗಾಲಿ ಹಿಂದಕ್ಕೆ ತಿರುಗದು. ಆದುದರಿಂದಲೇ ಪೂರಕಸಂಖ್ಯೆ. ಕಿಟಕಿಯ ಹಿಂದಿನ ಉರುಳೆಗಳ ಮೇಲೆ ಅಂಕಿಗಳ ಎರಡು ಸಾಲುಗಳಿವೆ. ಒಂದರಲ್ಲಿ 3 ಇದ್ದರೆ ಇನ್ನೊಂದರಲ್ಲಿ 6. ಜಾರುವ ಪಟ್ಟಿಯೊಂದು ಎರಡರಲ್ಲಿ ಒಂದನ್ನು ಮುಚ್ಚಿರುತ್ತದೆ. 752ರಿಂದ 386ನ್ನು ಕಳೆಯಬೇಕೆಂದರೆ ಪೂರಕದ ಸಾಲಿನಲ್ಲಿ 752 ಕಾಣುವಂತೆ ಮಾಡಬೇಕು. ಆಗ ಮರೆಯಲ್ಲಿರುವ ಸಾಲಿನಲ್ಲಿ 247 ಇರುತ್ತದೆ. ಅದಕ್ಕೆ ಎಂದಿನಂತೆ 386 ಕೂಡಿಸಿದರೆ 633. ಪೂರಕದ ಸಾಲಿನಲ್ಲಿ ತೋರುವುದು 366, ಅದೇ ಉತ್ತರ. ದೆನಿಯೆಯ ಗಾಲಿಗೆ ಈ ಪೂರಕ ಹನ್ನೊಂದರಿಂದ, ಸೋಲ್‌ಗೆ ಹತ್ತೊಂಬತ್ತರಿಂದ. ಗುಣಾಕಾರಕ್ಕೆ ಮತ್ತೆ ಮತ್ತೆ ಕೂಡಿಸುವುದೊಂದೇ ದಾರಿ. ಆ ವಿಷಯದಲ್ಲಿ ಮುಂದೆ ಲೈಬ್‌ನಿಟ್ಸನ ಯಂತ್ರ ಎಷ್ಟೋ ಮುಂದೆ ಹೋಯಿತು.

ನಾವು ಪ್ರೋಗ್ರಾಮನ್ನು ಮತ್ತೆ ಬರೆದೆವು. ಒಟ್ಟು ಸಂಖ್ಯೆ ಎಂಬುದು ಎಲ್ಲಿಯೂ ಇಲ್ಲ; ಪ್ರತಿಯೊಂದು ಗಾಲಿಗೂ ತನ್ನ ಸ್ಥಾನ, ಪ್ರತಿಯೊಂದು ಸನ್ನೆಗೂ ತನ್ನ ಎತ್ತರ. ಒಂದು ಗಾಲಿಗೆ ಪಕ್ಕದ ಗಾಲಿ ಏನು ತೋರಿಸುತ್ತಿದೆಯೆಂಬುದು ತಿಳಿಯದು, ಸನ್ನೆಯ ಪೆಟ್ಟು ಮಾತ್ರ ತಿಳಿಯುತ್ತದೆ. ನಾವು ಬಳಸಿದ್ದು ಪಾಸ್ಕಲನ ಹೆಸರಿನ ಭಾಷೆಯನ್ನೇ. ಒಂದು ಚರಾಂಕ ಸೊನ್ನೆಯಿಂದ ಹನ್ನೊಂದರೊಳಗೇ ಇರಬೇಕು, ಇನ್ನೊಂದು ಸೊನ್ನೆಯಿಂದ ಹತ್ತೊಂಬತ್ತರೊಳಗೆ ಎಂದು ಮೊದಲೇ ಘೋಷಿಸುವ ಅನುಕೂಲ ಆ ಭಾಷೆಯಲ್ಲಿದೆ. ಗಾಲಿಗಳಿಗೆ ಅದು ಹೇಳಿಮಾಡಿಸಿದಂತಿತ್ತು. ಇಪ್ಪತ್ತರ ಜಾಗದಲ್ಲಿ ಹದಿನಾರು, ಹತ್ತೊಂಬತ್ತರ ಜಾಗದಲ್ಲಿ ಹದಿನೈದು ಬರೆದಾಗ ಅದೇ ಯಂತ್ರ ರೂಪಾಯಿ ಆಣೆ ಪೈಗಳ ಲೆಕ್ಕ ಮಾಡಿತು. ಸೊನ್ನೆಗೆ ತರಲು ಮೊದಲು ಎಲ್ಲ ಗಾಲಿಗಳನ್ನೂ ಕೊನೆಯ ಅಂಕಿಗೆ ತಿರುಗಿಸಿ, ಬಲಗಡೆ ಒಂದನ್ನು ಕೂಡಿಸಬೇಕು. ಸನ್ನೆಗಳು ಬಲದಿಂದ ಎಡಕ್ಕೆ ಒಂದಾದ ಮೇಲೊಂದು ಬೀಳುವುದನ್ನು ಆಗ ಕಣ್ಣಾರೆ ಕಂಡೆವು. ಪೆಟ್ಟಿಗೆಯನ್ನು ಓರೆಯಾಗಿಸುವ ಸೌಲಭ್ಯವನ್ನೂ ಸೇರಿಸಿದೆವು. ಒಂದು ಮಿತಿಯನ್ನು ಮೀರಿ ಓರೆಯಾದರೆ ಸನ್ನೆ ಬೀಳುವುದಿಲ್ಲ, ದಶಕ ಕಾಣೆಯಾಗುತ್ತದೆ, ಕಿಟಕಿ ಮಾತ್ರ ಏನೂ ಆಗದಂತೆ ತಪ್ಪು ಮೊತ್ತವನ್ನು ತೋರಿಸುತ್ತದೆ. ತಪ್ಪಬಲ್ಲದ್ದಾದ ಮೇಲೆಯೇ ಅದು ಪಾಸ್ಕಲನ ಯಂತ್ರಕ್ಕೆ ಹತ್ತಿರವಾಯಿತೆಂದು ನನಗನಿಸಿತು.

ಇದನ್ನು ಮಾಡಿಸಲು ಅವನು ಪಟ್ಟ ಪಾಡು ದೊಡ್ಡದು. ಐವತ್ತಕ್ಕಿಂತ ಹೆಚ್ಚು ಮಾದರಿಗಳನ್ನು ಮಾಡಿ ಕೈಬಿಟ್ಟೆನೆಂದು ಅವನೇ ಹೇಳಿಕೊಂಡಿದ್ದಾನೆ. ರೂಆಂನ ಗಡಿಯಾರದವನೊಬ್ಬ ಕೇಳಿದ ಮಾತಿನ ಮೇಲೆ ಒಂದು ನಕಲನ್ನು ಮಾಡಿದನು. ನೋಡಲು ಚೆಂದ, ಒಳಗೆ ನಿಷ್ಪ್ರಯೋಜಕ. ಇದರಿಂದ ಬೇಸತ್ತು ಪಾಸ್ಕಲನು ಕೆಲಸಗಾರರನ್ನೆಲ್ಲ ಕಳುಹಿಸಿಬಿಟ್ಟಿದ್ದನು; ಸೆಗ್ಯೇಯ ಒತ್ತಾಸೆಯಿಂದ ಮತ್ತೆ ತೊಡಗಿದನು. 1649ರಲ್ಲಿ ರಾಜಶಾಸನದಿಂದ ಅದರ ತಯಾರಿಕೆಯ ಹಕ್ಕು ಅವನೊಬ್ಬನಿಗೇ ದೊರೆಯಿತು. 1652ರಲ್ಲಿ ಸ್ವೀಡನ್ನಿನ ರಾಣಿ ಕ್ರಿಸ್ಟೀನಾಳಿಗೆ ಒಂದನ್ನು ಪತ್ರದೊಡನೆ ಕಳುಹಿಸಿದನು. ಬೆಲೆ ಹೆಚ್ಚು, ಮಾಡುವ ಕೈಗಳು ಕಡಿಮೆ, ವ್ಯಾಪಾರ ಕುದುರಲಿಲ್ಲ. ಎಂಟೊಂಬತ್ತು ಯಂತ್ರಗಳು ಉಳಿದುಬಂದಿವೆ, ಹೆಚ್ಚಿನವು ಪ್ಯಾರಿಸ್ ಮತ್ತು ಕ್ಲೆರ್ಮೋಂಗಳ ಸಂಗ್ರಹಾಲಯಗಳಲ್ಲಿ. ಅವನು ಹುಟ್ಟಿದ 1623ರಲ್ಲಿಯೇ ಟ್ಯೂಬಿಂಗೆನ್ನಿನ ವಿಲ್ಹೆಲ್ಮ್ ಶಿಕಾರ್ಡ್ ಒಂದು ಲೆಕ್ಕದ ಯಂತ್ರವನ್ನು ಮಾಡಿ ಕೆಪ್ಲರನಿಗೆ ಪತ್ರ ಬರೆದಿದ್ದನೆಂಬುದು ಇಪ್ಪತ್ತನೆಯ ಶತಮಾನದಲ್ಲಿ ಗೊತ್ತಾಯಿತು. ಮೊದಲಿಗನೆಂಬ ಬಿರುದು ಇದರಿಂದ ಕೈತಪ್ಪಿದರೂ ಪಾಸ್ಕಲನ ಸನ್ನೆ ಅವನದೇ.

ಮುಂದಿನ ವರ್ಷಗಳನ್ನು ಬೇಗ ಹೇಳಬಹುದು. 1646ರ ಚಳಿಗಾಲದಲ್ಲಿ ತಂದೆ ಮಂಜಿನ ಮೇಲೆ ಜಾರಿಬಿದ್ದು ಮೂಳೆ ಮುರಿದುಕೊಂಡಾಗ, ಶುಶ್ರೂಷೆಗೆ ಬಂದ ಇಬ್ಬರು ಸೋದರರಿಂದ ಮನೆಗೆ ಜಾನ್ಸೆನಿಸ್ಟ್ ಪಂಥದ ಕಠಿಣ ಧರ್ಮನಿಷ್ಠೆ ಬಂತು. ಅದೇ ಕಾಲದಲ್ಲಿ ಪಾಸ್ಕಲನು ನಿರ್ವಾತವನ್ನು ಕುರಿತ ಪ್ರಯೋಗಗಳಲ್ಲಿಯೂ ಮುಳುಗಿದ್ದನು. 1648ರ ಸೆಪ್ಟೆಂಬರ್ 19ರಂದು ಅವನ ಸೂಚನೆಯಂತೆ ಭಾವ ಫ್ಲೋರಾಂ ಪೆರಿಯೆ ಪಾದರಸದ ನಳಿಗೆಯನ್ನು ಪ್ವಿ ದ ದೋಮ್ ಬೆಟ್ಟಕ್ಕೆ ಒಯ್ದು, ಮೇಲೇರಿದಂತೆ ಪಾದರಸ ಇಳಿಯುವುದನ್ನು ತೋರಿಸಿಕೊಟ್ಟನು. 1654ರಲ್ಲಿ ಫೆರ್ಮಾನೊಡನೆ ನಡೆಸಿದ ಪತ್ರವ್ಯವಹಾರದಿಂದ ಸಂಭಾವ್ಯತೆಯ ಗಣಿತ ಹುಟ್ಟಿತು. ಆಗ ಬರೆದ ಸಂಖ್ಯಾತ್ರಿಕೋನದ ಗ್ರಂಥ ಅವನ ಮರಣಾನಂತರ ಹೊರಬಂತು. ನಮ್ಮ ಛಂದಸ್ಸಿನ ವಿದ್ಯಾರ್ಥಿಗಳು ಅದನ್ನು ಕಂಡೊಡನೆ ಗುರುತು ಹಿಡಿಯುತ್ತಾರೆ. ಪಿಂಗಲನ ಸೂತ್ರಗಳಿಗೆ ಹತ್ತನೆಯ ಶತಮಾನದಲ್ಲಿ ವ್ಯಾಖ್ಯಾನ ಬರೆದ ಹಲಾಯುಧನು ಲಘುಗುರುಗಳ ಎಣಿಕೆಗಾಗಿ ವಿವರಿಸಿದ ಮೇರುಪ್ರಸ್ತಾರವೇ ಅದು.

1651ರಲ್ಲಿ ತಂದೆ ತೀರಿಕೊಂಡನು. ಜಾಕ್ಲೀನ್ ಪೋರ್ ರೊಯಾಲ್ ಮಠವನ್ನು ಸೇರಲು ಹೊರಟಾಗ, ಅವಳ ಪಾಲಿನ ಆಸ್ತಿ ಮಠಕ್ಕೆ ಹೋಗುವುದನ್ನು ಅಣ್ಣ ವಿರೋಧಿಸಿದನು; ಕೊನೆಗೆ ಒಪ್ಪಿದನು. ಲೆಕ್ಕದಲ್ಲಿ ನಿಷ್ಠುರನಾದ ಈ ಮನುಷ್ಯ ತಂಗಿಯ ವಿಷಯದಲ್ಲಿ ಲೆಕ್ಕ ಹಾಕಿದ್ದು ಅವನ ಚರಿತ್ರೆಯಲ್ಲಿ ಚೆನ್ನಾಗಿ ಕಾಣುವುದಿಲ್ಲ. 1654ರ ನವೆಂಬರ್ 23ರ ರಾತ್ರಿ ಅವನಿಗೆ ತೀವ್ರವಾದ ದೈವಾನುಭವವಾಯಿತು. ಅದನ್ನು ಬರೆದ ಹಾಳೆಯನ್ನು ಅಂಗಿಯ ಒಳಪದರದಲ್ಲಿ ಹೊಲಿದುಕೊಂಡಿದ್ದನೆಂಬುದು ಸತ್ತ ಮೇಲೆ ತಿಳಿಯಿತು. ಗುಪ್ತನಾಮದಲ್ಲಿ 1656 ಮತ್ತು 57ರಲ್ಲಿ ಪ್ರಕಟಿಸಿದ ಹದಿನೆಂಟು ಪತ್ರಗಳು ಜೆಸುಯಿಟ್ಟರ ನೀತಿವಾದವನ್ನು ಬಯಲಿಗೆಳೆದವು. ರೋಮಿನ ನಿಷಿದ್ಧಗ್ರಂಥಗಳ ಪಟ್ಟಿಗೆ ಅವು ಸೇರಿದರೂ ಫ್ರೆಂಚ್ ಗದ್ಯದ ಇತಿಹಾಸದಲ್ಲಿ ಅವುಗಳ ಸ್ಥಾನ ಅಚಲ.

ಯಂತ್ರವನ್ನು ಅವನು ಮರೆತಿರಲಿಲ್ಲ. ಕೊನೆಯ ವರ್ಷಗಳ ಟಿಪ್ಪಣಿಯೊಂದರಲ್ಲಿ ಅದರ ಪ್ರಸ್ತಾಪ ಬರುತ್ತದೆ: ಲೆಕ್ಕದ ಯಂತ್ರ ಮಾಡುವ ಕೆಲಸ ಪ್ರಾಣಿಗಳು ಮಾಡುವ ಯಾವುದಕ್ಕಿಂತಲೂ ಆಲೋಚನೆಗೆ ಹತ್ತಿರವಾದುದು, ಆದರೆ ಪ್ರಾಣಿಗಳಿಗಿರುವಂತೆ ಅದಕ್ಕೆ ಇಚ್ಛೆ ಇದೆಯೆಂದು ಹೇಳಲು ಏನೂ ಇಲ್ಲವೆಂಬುದು ಅದರ ಅಭಿಪ್ರಾಯ. ಗಣಕಗಳ ಬುದ್ಧಿಯನ್ನು ಕುರಿತ ಇಂದಿನ ವಾದಗಳಲ್ಲಿ ಇಷ್ಟು ಎಚ್ಚರದ ಮಾತು ಅಪರೂಪ.

1661ರಲ್ಲಿ ಜಾಕ್ಲೀನ್ ತೀರಿಕೊಂಡಳು. 1662ರ ಮಾರ್ಚ್ 18ರಂದು ಪ್ಯಾರಿಸ್ಸಿನಲ್ಲಿ ಪಾಸ್ಕಲನ ಯೋಜನೆಯಂತೆ ಗೊತ್ತಾದ ಹಾದಿಯಲ್ಲಿ, ತಲೆಗೆ ಐದು ಸೋಲ್ ದರದಲ್ಲಿ, ಸಾರ್ವಜನಿಕ ಕುದುರೆಗಾಡಿಗಳ ಸಂಚಾರ ಆರಂಭವಾಯಿತು. ಅದೇ ಆಗಸ್ಟ್ 19ರಂದು ಅವನು ಅಕ್ಕನ ಮನೆಯಲ್ಲಿ ಕಣ್ಣು ಮುಚ್ಚಿದನು. ಬಿಟ್ಟುಹೋದದ್ದರಲ್ಲಿ ಕ್ರೈಸ್ತಧರ್ಮದ ಸಮರ್ಥನೆಗಾಗಿ ಬರೆದ ನೂರಾರು ಚೀಟಿಗಳಿದ್ದವು. ದೊಡ್ಡ ಹಾಳೆಗಳ ಮೇಲೆ ಬರೆದು, ಕತ್ತರಿಸಿ, ಕೆಲವನ್ನು ದಾರದಲ್ಲಿ ಪೋಣಿಸಿ ಕಂತೆಗಳನ್ನಾಗಿ ಮಾಡಿದ್ದನು. ಉಳಿದವು ಹಾಗೆಯೇ ಇದ್ದವು. ಮನೆಯವರು ಇದ್ದ ಕ್ರಮದಲ್ಲಿಯೇ ಪ್ರತಿ ಮಾಡಿಸಿದರು. 1670ರಲ್ಲಿ ಅಚ್ಚು ಹಾಕಿಸಿದ ಮಿತ್ರರು ಕ್ರಮವನ್ನು ಬದಲಿಸಿ, ಮಾತುಗಳನ್ನೂ ತಿದ್ದಿದರು. ಮೂಲದ ಚೀಟಿಗಳನ್ನು ಮುಂದೆ ಸೋದರಳಿಯ ಲೂಯಿ ಪೆರಿಯೆ ಒಂದು ದೊಡ್ಡ ಪುಸ್ತಕಕ್ಕೆ ಅಂಟಿಸಿದಾಗ ಕಂತೆಗಳ ಕ್ರಮ ಕೆಟ್ಟಿತು. ಇಪ್ಪತ್ತನೆಯ ಶತಮಾನದಲ್ಲಿ ಲಾಫ್ಯುಮ ಮತ್ತು ಸೆಲ್ಯೇ ಎಂಬ ಸಂಪಾದಕರು ಆ ಹಳೆಯ ಪ್ರತಿಗಳನ್ನು ಆಧಾರವಾಗಿ ಹಿಡಿದು ಎರಡು ಬೇರೆ ಬೇರೆ ಸಂಖ್ಯಾಕ್ರಮಗಳನ್ನು ಕೊಟ್ಟರು. ಒಂದೇ ಚೀಟಿಗೆ ಇಂದು ಎರಡು ಮೂರು ಸಂಖ್ಯೆಗಳಿವೆ. ವಚನಗಳ ಕಟ್ಟುಗಳಲ್ಲಿ ಕೆಲಸ ಮಾಡಿದ ನಮ್ಮ ಸಂಪಾದಕರು ಆ ಪುಟಗಳನ್ನು ತೆರೆದರೆ ತಮ್ಮ ಮೇಜಿನ ಮುಂದೆಯೇ ಕುಳಿತಂತೆ ಭಾವಿಸಿಯಾರು.